ಬಸ್ಕಿ ಅವನದು, ಎಣಿಕೆ ನನ್ನದು

ಕಳೆದ ಸೋಮವಾರ ಬೆಳಿಗ್ಗೆ ನಾನೊಂದು ಘನಕಾರ್ಯ ಮಾಡಿದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಈ ಹಾಳು ಫ್ಲೂ ಜ್ವರ ನಮ್ಮ ವಿದ್ಯಾರಣ್ಯಪುರಂನಲ್ಲಿ ಯಾರ ಮನೆಯನ್ನು ಬಿಟ್ಟಿದೆ ಹೇಳಿ? ನಾನೂ ಎಂಟು ದಿನ ಮಲಗಿದ್ದೆ. ಮಿಕ್ಸ್ಚರ್ ಕುಡಿದೆ (ಬೇವಿನ ಕಷಾಯವೇ ವಾಸಿ), ಗಂಜಿ ಕುಡಿದೆ, ಗೋಡೆ ನೋಡಿದೆ. ಜ್ವರ ಬಿಟ್ಟ ನಾಲ್ಕನೇ ದಿನ ಗರಡಿಗೆ ಹೊರಟೆ.

"ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದೀರಾ?" ಎಂದಳು ಹೆಂಡತಿ. ಕೇಳುವವರು ಯಾರು?

ಗರಡಿಯ ಜಗಲಿಯ ಮೇಲೆ ಪುಟ್ಟಸ್ವಾಮಿ ಆಗಲೇ ನಿಂತಿದ್ದ. ನಮ್ಮ ಹಿಂದಿನ ಬೀದಿಯ ಹುಡುಗ, ಇಪ್ಪತ್ತೆರಡು ವಯಸ್ಸು, ಅವನೂ ಫ್ಲೂನಿಂದ ಎದ್ದು ಬಂದವನೇ. ಭಾನುವಾರ ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ. ಆ ದಿನ ಹೋಗಿ ಎದುರಾಳಿಯನ್ನು ಗೊತ್ತುಮಾಡಿಕೊಳ್ಳದಿದ್ದರೆ ಈ ವರ್ಷ ಕುಸ್ತಿಯಿಲ್ಲ. ಅವನಿಗದು ಮೊದಲ ದಸರಾ.

ನಮ್ಮ ವಸ್ತಾದ್ ಸಿದ್ದಪ್ಪನವರದು ಒಂದು ಪದ್ಧತಿ. ಕಾಯಿಲೆ ಬಿದ್ದು ಎದ್ದವನು ಬಸ್ಕಿ ಹೊಡೆಯುವಾಗ ಗಟ್ಟಿಯಾಗಿ ಎಣಿಸಬೇಕು. "ಮಾತು ಕಡೀತು ಅಂದ್ರೆ ಎದೆ ಬ್ಯಾಡ ಅಂತದೆ ಅಂತ ತಿಳ್ಕ. ಅಲ್ಲೇ ನಿಂತ್ಬುಡು," ಎನ್ನುತ್ತಾರೆ. ಆ ದಿನ ನನಗೆ ಹತ್ತು ಸಾಕೆಂದರು. ಪುಟ್ಟಸ್ವಾಮಿಗೆ, "ಐವತ್ತು ತಡೀದಂಗೆ ಎಣಿಸು, ಭಾನ್ವಾರ ಕರ್ಕೊಂಡೋಗ್ತೀನಿ," ಎಂದು ಒಳಗೆ ಕುಸ್ತಿಯ ಮಟ್ಟಿಮಣ್ಣು ಹದ ಮಾಡಲು ಹೋದರು. ಅಲ್ಲಿಗೆ ನಾವು ಕಾಣುವುದಿಲ್ಲ, ನಮ್ಮ ದನಿ ಕೇಳುತ್ತದೆ.

ನನ್ನ ಹತ್ತು ಮುಗಿಯುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿತ್ತು. ಗೋಡೆಗೊರಗಿ ಕೂತೆ. ಅವನು ಎಣಿಸುತ್ತಲೇ ಇದ್ದ. ಇಪ್ಪತ್ತೊಂಬತ್ತು. ಮೂವತ್ತು. ಆಮೇಲೆ ಬಾಯಿ ತೆರೆದ, ಮಾತು ಬರಲಿಲ್ಲ. ನನ್ನ ಕಡೆ ನೋಡಿದ. ಅಯ್ಯೋ, ಆ ನೋಟ!

"ಮೂವತ್ತೊಂದು," ಎಂದೆ ನಾನು.

ಯಾಕೆಂದೆ? ಕರುಣೆಯೆ? ಅಥವಾ ನನ್ನ ಕೈಲಾಗದ್ದು ಅವನ ಕೈಲಾದರೂ ಆಗಲಿ ಎಂಬ ಚಪಲವೆ? ಫ್ಲೂ ಹೊಕ್ಕು ಹೊರಟ ಗಂಟಲುಗಳೆಲ್ಲ ಒಂದೇ ತರಹ. ಒಳಗಿದ್ದ ವಸ್ತಾದರಿಗೆ ಅನುಮಾನ ಬರಲಿಲ್ಲ. ಅವನು ಕೂತೇಳುತ್ತಿದ್ದ, ನಾನು ಎಣಿಸುತ್ತಿದ್ದೆ. ನಲವತ್ತಾರಕ್ಕೆ ಕೂತವನು ಏಳಲಿಲ್ಲ, ಪಕ್ಕಕ್ಕೆ ಉರುಳಿದ. ಅವನು ಬಿದ್ದ ಮೇಲೂ ನನ್ನ ದರಿದ್ರ ಬಾಯಿ ನಲವತ್ತೇಳು ಎಂದಿತು.

ತುಟಿ ನೀಲಿ. ಮೈಯೆಲ್ಲ ತಣ್ಣನೆಯ ಬೆವರು. ಓಡಿಹೋಗಿ ಜಟಕಾ ತಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. "ಜ್ವರ ಮೈ ಬಿಟ್ಟಿದೆ ಕಣ್ರೀ, ಎದೆ ಬಿಟ್ಟಿಲ್ಲ. ಮೂರು ವಾರ ಹಾಸಿಗೆ. ಆಮೇಲೆ ನಾನು ನೋಡಿ ಹೇಳಿದರೆ ಅಂಗಳದಲ್ಲಿ ನಾಲ್ಕು ಹೆಜ್ಜೆ. ಕುಸ್ತಿ ಈ ವರ್ಷ ಇಲ್ಲ."

ವಸ್ತಾದರು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದರು. "ಗಂಟ್ಲು ಗಟ್ಟಿಯಾಗೇ ಇತ್ತಲ್ಲಾ ಸ್ವಾಮಿ? ನನ್ ಕಿವಿಗೇ ವಯಸ್ಸಾಯ್ತಾ?" ಎಂದು ನನ್ನನ್ನೇ ಕೇಳಿದರು. ನಾನು ಕೆಮ್ಮಿದೆ. (ಕೆಮ್ಮು ಒಂದು ಎಷ್ಟು ಅನುಕೂಲ ನೋಡಿ.)

ನಿನ್ನೆ ಅವನನ್ನು ನೋಡಲು ಹೋದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ತಾಯಿ ಕಾಫಿ ತಂದುಕೊಟ್ಟು ಕಣ್ಣೊರೆಸಿಕೊಂಡರು. "ಆ ವಸ್ತಾದ್ರು ನನ್ ಮಗನ್ನ ಕೊಂದೇಬುಡ್ತಿದ್ರು. ಇನ್ನು ಆ ಗರಡಿ ಮೆಟ್ಲು ತುಳಿಯಾಕ್ ಬುಡಾಕಿಲ್ಲ. ದೇವ್ರಂಗೆ ನೀವಿದ್ರಿ, ಉಳಿಸ್ಕೊಟ್ರಿ."

ಕಾಫಿ ಕುಡಿದೆ. ಪೂರ್ತಿ ಕುಡಿದೆ. ಎದ್ದು ಬಂದೆ.

ಈಗ ಇಲ್ಲಿ ಎಲ್ಲವನ್ನೂ ಬರೆದು ಒಪ್ಪಿಕೊಂಡಿದ್ದೇನೆ. ಆ ತಾಯಿಗೆ ಓದು ಬರುವುದಿಲ್ಲ. ಅದಕ್ಕೇ ಬರೆದೆನೆ?