ಏನೂ ಗೊತ್ತಿಲ್ಲದವರ ರೂಲೆಟ್ ಪಾಠ

೨೦೦೯ರ ಮಾತು. ಮುಂಬಯಿ ಪಕ್ಕದ ಕಲ್ಯಾಣದ ಕೋರ್ಟಿನಲ್ಲಿ ನಾನು ವಕೀಲಿ ಆರಂಭಿಸಿ ಆಗಲೇ ಇಪ್ಪತ್ತು ವರ್ಷವಾಗಿತ್ತು. ಸುಳ್ಳು ಹೇಳುವ ಕಕ್ಷಿದಾರರನ್ನು ಕಂಡಿದ್ದೆ, ಕರೆದರೂ ಬಾರದವರನ್ನು ಕಂಡಿದ್ದೆ. ಆದರೆ ಗೆಲ್ಲುವ ಕೇಸನ್ನು ಕೈಯಾರೆ ಕೆಡಿಸಿಕೊಂಡ ವಾಸುದೇವ ರಾಯರಂಥವರನ್ನು ಕಂಡಿರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ರಾಯರು ಉಡುಪಿ ಕಡೆಯವರು. ಡೊಂಬಿವಲಿ ಸ್ಟೇಶನ್ನಿನ ಹತ್ತಿರ ಸಸ್ಯಾಹಾರಿ ಹೋಟೆಲು. ಮಹಡಿಯ ಕೋಣೆಯನ್ನು ವಿಡಿಯೋ ಗೇಮ್ ಪಾರ್ಲರ್ ನಡೆಸುವವನಿಗೆ ಬಾಡಿಗೆಗೆ ಕೊಟ್ಟಿದ್ದರು. ಪೊಲೀಸರು ದಾಳಿ ಮಾಡಿದಾಗ ಅಲ್ಲಿ ಸಿಕ್ಕಿದ್ದು ಮಕ್ಕಳ ಆಟವಲ್ಲ, ಪರದೆಯ ಮೇಲೆ ಚಕ್ರ ತಿರುಗುವ ರೂಲೆಟ್ ಯಂತ್ರಗಳು. ಬಾಡಿಗೆಯವನು ಪರಾರಿ. ರಾಯರಿಗೆ ಶೋಕಾಸ್ ನೋಟಿಸ್ ಬಂತು, ಅಂದರೆ ಹೋಟೆಲಿನ ಲೈಸೆನ್ಸನ್ನು ಯಾಕೆ ರದ್ದು ಮಾಡಬಾರದು, ಕಾರಣ ಹೇಳಿ ಎಂಬ ಆದೇಶ. ಲೈಸೆನ್ಸ್ ಹೋದರೆ ಹೋಟೆಲಿಗೆ ಬೀಗ.

ಇಂಥ ಪ್ರಕರಣದಲ್ಲಿ ಜಾಗದ ಮಾಲೀಕನಿಗೆ ಜೂಜಿನ ವಿಷಯ ತಿಳಿದಿತ್ತೇ ಎಂಬುದೇ ಮುಖ್ಯ. ರಾಯರಿಗೆ ನಿಜಕ್ಕೂ ತಿಳಿದಿರಲಿಲ್ಲ. ಮೊಣಕಾಲು ನೋವಿನ ಮನುಷ್ಯ, ಆ ಮೆಟ್ಟಿಲು ಹತ್ತಿದವರೇ ಅಲ್ಲ. ನಾನು ಇಂಗ್ಲಿಷಿನಲ್ಲಿ ಉತ್ತರ ಬರೆದೆ: ನನ್ನ ಕಕ್ಷಿದಾರರು ಹೆಚ್ಚು ಓದಿದವರಲ್ಲ, ಲೋಕಜ್ಞಾನ ಕಡಿಮೆ, ರೂಲೆಟ್ ಎಂದರೇನೆಂದೇ ಅರಿಯರು. ರಾಯರು ಅರ್ಥ ಕೇಳದೆಯೇ ಸಹಿ ಹಾಕಿದರು.

"ಏನ ಕೇಳಿದ್ರೂ ಗೊತ್ತಿಲ್ಲ ಅನ್ರಿ ರಾಯರ, ಮುಂದಿಂದು ನನಗ ಬಿಡ್ರಿ," ಎಂದು ನನ್ನ ಧಾರವಾಡದ ಮಾತಿನಲ್ಲಿ ಸಾರಿ ಸಾರಿ ಹೇಳಿದೆ. ಗೋಣು ಅಲ್ಲಾಡಿಸಿದರು.

ಠಾಣೆ ಶಹರದ ಲೈಸೆನ್ಸ್ ಕಚೇರಿಯಲ್ಲಿ ವಿಚಾರಣೆ. ಅಧಿಕಾರಿ ಸೌಮ್ಯ ಸ್ವಭಾವದವರು. ಉತ್ತರ ಓದಿದರು, ಒಪ್ಪಿದಂತೆಯೂ ಕಂಡಿತು. ಫೈಲು ಮುಚ್ಚುವ ಮೊದಲು ಯಂತ್ರದ ಫೋಟೋ ತೋರಿಸಿ, ಬರೀ ಕುತೂಹಲಕ್ಕೆ, "ಅಣ್ಣಾ, ಹಾ ಕುಠ್ಲಾ ಖೇಳ್ ಆಹೆ?" ಎಂದರು. ಇದು ಯಾವ ಆಟ ಎಂದಷ್ಟೇ.

ರಾಯರು ಅಂಗಿ ಸರಿಪಡಿಸಿಕೊಂಡು ತಮ್ಮ ಹೋಟೆಲು-ಮರಾಠಿಯಲ್ಲಿ ಶುರು ಮಾಡಿದರು. ಹದಿನೇಳನೇ ಶತಮಾನದ ಫ್ರಾನ್ಸಿನಲ್ಲಿ ಒಬ್ಬ ಗಣಿತ ಪಂಡಿತ, ತಂತಾನೇ ಸದಾ ತಿರುಗುವ ಚಕ್ರ ಮಾಡಲು ಹೋಗಿ ಸೋತನಂತೆ, ಅದರಿಂದಲೇ ಈ ಆಟ ಹುಟ್ಟಿತೆಂದು ಹೇಳುತ್ತಾರಂತೆ. ನಾನು ಅವರ ಕಾಲು ತುಳಿದೆ. ಕಾಲನ್ನು ಪಕ್ಕಕ್ಕೆ ಎಳೆದುಕೊಂಡು ಹದಿನೆಂಟನೇ ಶತಮಾನದ ಪ್ಯಾರಿಸ್ಸಿಗೆ ಬಂದರು. ಅಲ್ಲಿ ಎರಡು ಸೊನ್ನೆಯ ಚಕ್ರ. ಮುಂದಿನ ಶತಮಾನದಲ್ಲಿ ಇಬ್ಬರು ಫ್ರೆಂಚ್ ಸಹೋದರರು ಗಿರಾಕಿಗಳನ್ನು ಸೆಳೆಯಲು ಜರ್ಮನಿಯ ಊರೊಂದರಲ್ಲಿ ಒಂದು ಸೊನ್ನೆ ಕೈಬಿಟ್ಟರು, ಅಮೆರಿಕದಲ್ಲಿ ಮಾತ್ರ ಎರಡೂ ಉಳಿದವು. ಚಕ್ರದ ಅಂಕಿಗಳನ್ನು ಒಂದರಿಂದ ಮೂವತ್ತಾರರವರೆಗೆ ಕೂಡಿದರೆ ಆರುನೂರ ಅರವತ್ತಾರು, ಕ್ರೈಸ್ತರಲ್ಲಿ ಅದು ಸೈತಾನನ ಸಂಖ್ಯೆ, ಅದಕ್ಕೇ ಸೈತಾನನ ಆಟ ಎಂಬ ಹೆಸರು.

"ಸೊನ್ನೆ ಯಾಕೆ?" ಎಂದರು ಅಧಿಕಾರಿ.

"ಸೊನ್ನೆ ಬಂದರೆ ಕೆಂಪಿಗೆ ಕಟ್ಟಿದವನೂ ಹೋದ, ಕಪ್ಪಿಗೆ ಕಟ್ಟಿದವನೂ ಹೋದ, ಸಾಹೇಬ್. ನಡೆಸುವವನ ಲಾಭ ಅದರಲ್ಲೇ."

ಅಧಿಕಾರಿ ನನ್ನತ್ತ ತಿರುಗಿದರು. "ಇವರಿಗೆ ಏನೂ ಗೊತ್ತಿಲ್ಲ ಅಂತ ಬರೆದಿದ್ದೀರಲ್ಲ, ಮೇಡಂ?"

ಇದೆಲ್ಲ ನೋಟಿಸ್ ಬಂದ ಮೇಲೆ ಕಲಿತದ್ದು ಎಂದು ಎಷ್ಟು ವಾದಿಸಿದರೂ ಅವರ ನಗು ನಿಲ್ಲಲಿಲ್ಲ. ಲೈಸೆನ್ಸ್ ರದ್ದಾಯಿತು.

ಹೊರಗೆ ಬಂದು ಜನರ ಎದುರೇ ಕೂಗಾಡಿದೆ. "ಯಾರು ಕಲೀರಿ ಅಂದಿದ್ರು ನಿಮಗ ಇದನ್ನೆಲ್ಲ?"

ರಾಯರು ಹೇಳಿದರು: "ನೀವು ಬರೆದದ್ದನ್ನು ಮಗಳು ಓದಿದಳು ಮೇಡಂ. 'ಪಪ್ಪಾ, ಆಪ್ಕೋ ಸಚ್ ಮೇ ಕುಛ್ ನಹೀ ಸಮಝ್ತಾ?' ಅಂತ ಕೇಳಿದಳು, ನಿಮಗೆ ನಿಜಕ್ಕೂ ಏನೂ ತಿಳಿಯುದಿಲ್ವಾ ಅಂತ. ಮರುದಿನವೇ ಸೈಬರ್ ಕೆಫೆಗೆ ಹೋದೆ. ಹೋಟೆಲು ಬೇರೆ ಕಡೆ ಇಡ್ಲಿಕ್ಕೆ ಆಗ್ತದೆ ಮಾರಾಯ್ರೆ. ಅವಳ ಎದುರು ದಡ್ಡ ಆಗಿ ಹೇಗೆ ಕೂರುದು?"

ಹಾಗಂತ ನನ್ನ ಸಿಟ್ಟೇನೂ ಇಳಿಯಲಿಲ್ಲ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. 'ನನಗೇನೂ ತಿಳಿಯದು' ಎಂಬ ವಾದ ಹೂಡುವ ಮೊದಲು, ಬರೆದದ್ದನ್ನು ಕಕ್ಷಿದಾರರ ಹೆಂಡತಿ ಮಕ್ಕಳ ಎದುರು ಕನ್ನಡದಲ್ಲಿ ಗಟ್ಟಿಯಾಗಿ ಓದುತ್ತೇನೆ. ಕೆಲವರು ಅಲ್ಲೇ ಎದ್ದು ಹೋಗುತ್ತಾರೆ. ಕೊನೆಯವರೆಗೆ ಕೂತು ಕೇಳಿದವರ ವಕಾಲತ್ತನ್ನು ಮಾತ್ರ ವಹಿಸುತ್ತೇನೆ.