ಸೋಡಾ ಅಕ್ಕ ನೋಡಿದ ಕೈ

ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಅವರಿಗೆ ಸೋಡಾ ಅಕ್ಕ ಎಂದೇ ಹೆಸರು. ಅವರು ನರ್ಸ್ ಆಗಿ ಸೇರಿದ ಕಾಲದಲ್ಲಿ ಯಾರ ಹೃದಯ ನಿಂತರೂ ಬೈಕಾರ್ಬನೇಟ್, ಅಂದರೆ ಸೋಡಾ ಚುಚ್ಚುಮದ್ದು, ಕೊಡುತ್ತಿದ್ದರು. ಎಲ್ಲರಿಗೂ ಅದರಿಂದ ಉಪಯೋಗವಿಲ್ಲವೆಂದು ಆಮೇಲೆ ನಿಯಮ ಬದಲಾಯಿತು. ಅಕ್ಕನ ಕೈ ಮಾತ್ರ ಎಷ್ಟೋ ವರ್ಷ ಅಭ್ಯಾಸಬಲದಿಂದ ಸೋಡಾ ಇಟ್ಟ ಡ್ರಾಯರಿಗೇ ಹೋಗುತ್ತಿತ್ತು.

"ಅಕ್ಕ, ಇವತ್ತು ಯಾರಿಗೆ ಸೋಡಾ?" ಎಂದು ಕಿರಿಯ ವೈದ್ಯ ಕಾಡಿಸುತ್ತಿದ್ದ.

"ನಿಮ್ಮ ನಾಲಿಗೆಗೆ. ಸ್ವಲ್ಪ ತೊಳೀಬೇಕು."

ಒಂದು ಮಧ್ಯಾಹ್ನ ವಯಸ್ಸಾದ ದರ್ಜಿಯೊಬ್ಬನನ್ನು ಅವನ ಹೆಂಡತಿ ಕರೆತಂದಳು. "ಸುಸ್ತು ಅಂದ್ರು" ಎನ್ನುವುದರೊಳಗೆ ಬಾಗಿಲಲ್ಲೇ ಅವನ ಹೃದಯ ನಿಂತಿತು. ಅವಳನ್ನು ಹೊರಗೆ ಕೂರಿಸಿ ಅವನ ಎದೆ ಒತ್ತತೊಡಗಿದರು. ಎರಡು ಸಲ ಮದ್ದು ಕೊಟ್ಟರೂ ನಾಡಿ ಮರಳಲಿಲ್ಲ.

ಅಂಗಿಯ ತೋಳು ಕತ್ತರಿಸುವಾಗ ಅಕ್ಕನಿಗೆ ಎಡಗೈಯಲ್ಲಿ ಹಗ್ಗದಂತೆ ಉಬ್ಬಿದ ನರ ಕಂಡಿತು. ಡಯಾಲಿಸಿಸ್ ಮಾಡಿಸುವವರ ಕೈ ಅದು. ಅಂಥವರ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತಿದ್ದರೆ ಸೋಡಾ ಕೊಡುವುದುಂಟು. ಹೇಳಿದರೆ ಹಳೇ ಚಾಳಿ ಅಂದುಕೊಂಡಾರೆಂದು ಅನಿಸಿದರೂ ಅಕ್ಕ ಆ ತೋಳನ್ನು ವೈದ್ಯನ ಕಡೆ ತಿರುಗಿಸಿದರು.

"ಡಾಕ್ಟ್ರೇ, ಸೋಡಾ ನನ್ನ ಬಾಯಿಗೆ ಅಂಟಿದ ರೋಗ, ಗೊತ್ತು. ಆದ್ರೆ ಈ ಕೈ ಒಂದ್ಸಲ ನೋಡಿ."

ವೈದ್ಯ ನೋಡಿದ. ನಗಲಿಲ್ಲ. "ಮೊದಲು ಕ್ಯಾಲ್ಸಿಯಂ, ಆಮೇಲೆ ಸೋಡಾ. ಬೇಗ ಅಕ್ಕ."

ಕ್ಯಾಲ್ಸಿಯಂ ಹೋಯಿತು. "ತಾಳಿ, ನಳಿಕೆಗೆ ಸಲೈನ್ ಬಿಟ್ಟು ತೊಳೀತೀನಿ. ಎರಡೂ ಬೆರೆತ್ರೆ ಒಳಗೇ ಸುಣ್ಣ ಕಟ್ಟುತ್ತೆ" ಎಂದು ಅಕ್ಕ ತೊಳೆದೇ ಸೋಡಾ ಕೊಟ್ಟರು. ಮತ್ತೆರಡು ಸುತ್ತು ಒತ್ತಿದ ಮೇಲೆ ಕತ್ತಿನಲ್ಲಿ ನಾಡಿ ಸಿಕ್ಕಿತು. ಯಾವ ಮದ್ದಿನಿಂದ ಸಿಕ್ಕಿತೆಂದು ಯಾರೂ ಖಚಿತವಾಗಿ ಹೇಳಲಾರರು.

ಹೊರಗೆ ಹೆಂಡತಿ ಅಕ್ಕನ ಕೈ ಹಿಡಿದಳು. "ಮೊನ್ನೆ ಡಯಾಲಿಸಿಸ್‌ಗೆ ಹೊರಟಿದ್ರು ತಾಯಿ. ಸುಸ್ತಾಗಿದೀರ, ಇವತ್ತೊಂದಿನ ಮಲಗಿ ಅಂದೆ. ನಾನೇ ಕೊಂದೆ."

"ಸುಸ್ತಾದವರಿಗೆ ಮಲಗಿ ಅನ್ನದೆ ಇನ್ನೇನಂತಾರಮ್ಮ? ನಾಡಿ ಬಂದಿದೆ. ಗೆದ್ರು ಅಂತ ಈಗ್ಲೇ ಹೇಳಲ್ಲ. ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದೀವಿ, ಏಳಿ."

ಅಕ್ಕ ಅವಳನ್ನು ಎಬ್ಬಿಸಿ ಗಾಲಿಮಂಚದ ಪಕ್ಕಕ್ಕೆ ತಂದರು. "ಕಿವಿ ಹತ್ರ ಮಾತಾಡ್ತಾ ಬನ್ನಿ."

"ಏನಂತ ಮಾತಾಡ್ಲಿ?"

"ಮನೇಲಿ ಏನಂತೀರೋ ಅದೇ. ಬೈದ್ರೂ ಪರವಾಗಿಲ್ಲ."

ಮಂಚ ಉರುಳಿತು. ಅವಳು ಬಗ್ಗಿದಳು. "ಮೇಷ್ಟ್ರ ಅಂಗಿಗೆ ಇನ್ನೂ ಗುಂಡಿ ಹಾಕಿಲ್ಲ ನೀವು. ಎರಡು ಸಲ ಬಂದು ಹೋದ್ರು. ನಾನೇನಂತ ಹೇಳ್ಲಿ ಅವರಿಗೆ?"