ಆಟ ಬಿಟ್ಟ ಮೇಲೆ ಬಂದ ಅಳು

ಎಂಟನೇ ತಿಂಗಳಲ್ಲಿ ನನ್ನ ಮಗು ಹೊಟ್ಟೆಯೊಳಗೇ ತೀರಿಕೊಂಡಿತು. ಹೆಣ್ಣು ಮಗುವಂತೆ. ನಾನು ಅದರ ಮುಖ ನೋಡಲಿಲ್ಲ. ಆಸ್ಪತ್ರೆಯಲ್ಲಿ ನನಗೆ ಮಂಪರು ಇಳಿಯುವಷ್ಟರಲ್ಲಿ ನನ್ನ ಗಂಡ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಒಯ್ದು, ನಮ್ಮ ತೆಂಗಿನ ತೋಟದ ಬದುವಿನಲ್ಲಿ ಮಣ್ಣು ಮಾಡಿ ಬಂದಿದ್ದರು.

"ನೋಡ್ದಿದ್ದೇ ಒಳ್ಳೇದಾಯ್ತು ಬುಡು. ನೋಡಿದ್ರೆ ಮರೆಯಾಕಾಗಲ್ಲ ಕಣವ್ವ" ಎಂದರು ಅತ್ತೆ. ಅವರ ಮಾತನ್ನು ನಾನು ನಂಬಿದೆ.

ನಮ್ಮೂರು ಮಾಯಸಂದ್ರದ ಹತ್ತಿರ. ಮನೆಯಲ್ಲಿ ಇದ್ದವರು ನಾವು ಮೂವರೇ, ಅತ್ತೆ, ನನ್ನ ಗಂಡ, ನಾನು. ಗಂಡನಿಗೆ ತುರುವೇಕೆರೆಯಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವ ಅಂಗಡಿ. ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು. ನಾನು ತವರಾದ ಕಂದಿಕೆರೆಯಲ್ಲಿ ಬಾಣಂತನದ ಹೆಸರಿನಲ್ಲಿ ಕೆಲವು ದಿನ ಮಲಗಿದ್ದು ವಾಪಸ್ ಬಂದೆ. ಎದೆಹಾಲು ಇನ್ನೂ ಬತ್ತಿರಲಿಲ್ಲ. ಊರಿನಲ್ಲಿ ವಿಷಯ ಗೊತ್ತಿದ್ದವರು "ಇನ್ನೂ ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ" ಎನ್ನುತ್ತಿದ್ದರು. ಗೊತ್ತಿಲ್ಲದವರು "ಮಗಾನಾ ಯಾರತ್ರ ಬುಟ್ ಬಂದೆ?" ಎಂದು ಕೇಳುತ್ತಿದ್ದರು. ಯಾವುದು ಹೆಚ್ಚು ಕಷ್ಟ ಎಂದು ನನಗೆ ಇವತ್ತಿಗೂ ಹೇಳಲು ಬಾರದು. ಹೊರಗೆ ಹೋಗುವುದನ್ನು ಬಿಟ್ಟೆ.

ನನ್ನನ್ನು ನೋಡಲು ಬಂದ ತಮ್ಮ ಫೋನಿಗೆ ಒಂದು ಆಟ ಹಾಕಿಕೊಟ್ಟ. "ಸುಮ್ನೆ ಆಡಕ್ಕ, ಮನಸ್ಸು ಬೇರೆ ಕಡೆ ತಿರುಗುತ್ತೆ" ಎಂದ. ನಾಲ್ಕು ಜನರ ತಂಡ ಒಂದು ದ್ವೀಪಕ್ಕೆ ಇಳಿಯಬೇಕು. ಖಾಲಿ ಮನೆಗಳಲ್ಲಿ ಬಂದೂಕು ಹುಡುಕಿಕೊಂಡು, ಎದುರಿಗೆ ಬಂದವರನ್ನು ಹೊಡೆದು, ಕೊನೆಯವರೆಗೆ ಬದುಕಿ ಉಳಿಯಬೇಕು. ಮೊದಲ ದಿನ ನನಗೆ ನಡೆಯಲಿಕ್ಕೂ ಬರಲಿಲ್ಲ, ಗೋಡೆಗೆ ಮುಖ ಕೊಟ್ಟು ನಿಂತಿದ್ದೆ. ಒಂದು ತಿಂಗಳಲ್ಲಿ ತಂಡದ ಹುಡುಗರು ನಾನು ಬರುವವರೆಗೆ ಆಟ ಶುರು ಮಾಡದೆ ಕಾಯುವಂತಾಯಿತು. ಅವರೆಲ್ಲ ಯಾವ್ಯಾವುದೋ ಊರಿನವರು. ಕಿವಿಗೆ ಸಿಕ್ಕಿಸಿದ ಇಯರ್‌ಫೋನಿನಲ್ಲಿ ಅವರ ದನಿ ಕೇಳುತ್ತಿತ್ತು. "ಅಕ್ಕ, ಮನೆ ಹಿಂದೆ ಒಬ್ಬ ಅವ್ನೆ." "ಅಕ್ಕ ಇದ್ರೆ ಗೆದ್ದಂಗೇ ಕಣ್ಲಾ." ಅವರಿಗೆ ನನ್ನ ಮಗುವಿನ ವಿಷಯ ಗೊತ್ತಿರಲಿಲ್ಲ. ಅವರು ಏನೂ ಕೇಳುತ್ತಿರಲಿಲ್ಲ. ಅದೇ ನನಗೆ ಬೇಕಾಗಿತ್ತು.

ಮನೆಯ ನಡುಕೋಣೆಯ ಮೇಲೆ ಅಟ್ಟ. ಅದರ ತುಂಬ ಕೊಬ್ಬರಿಯಾಗಲೆಂದು ಹರವಿದ ಕಾಯಿ. ಅದರ ಕೆಳಗೆ ಗೋಡೆಗೆ ಒರಗಿ ಕೂತರೆ ನಾನು ಏಳುತ್ತಿರಲಿಲ್ಲ. ಗಂಡ ಅಂಗಡಿಗೆ ಹೊರಟ ಮೇಲೆ ಶುರುವಾದದ್ದು ಅವರ ಗಾಡಿಯ ಸದ್ದು ಕೇಳುವವರೆಗೂ ನಡೆಯುತ್ತಿತ್ತು. ಅನ್ನ ಸೀದು ಹೋಗುತ್ತಿತ್ತು. ಕರುವನ್ನು ಬಿಸಿಲಿನಿಂದ ನೆರಳಿಗೆ ಕಟ್ಟುವ ಕೆಲಸ ಅತ್ತೆಯ ಪಾಲಿಗೆ ಹೋಯಿತು. ತಲೆ ಬಾಚಲು ಬೇಸರವಾಗಿ ಗಂಟು ಕಟ್ಟಿಕೊಂಡೇ ಇರುತ್ತಿದ್ದೆ. ಬಲಗೈ ಹೆಬ್ಬೆರಳು ಬಾತುಕೊಂಡಿತು, ಅದಕ್ಕೆ ಎಣ್ಣೆ ತಿಕ್ಕಿಕೊಂಡು ಮತ್ತೆ ಆಡುತ್ತಿದ್ದೆ. ಚಾರ್ಜು ಇಳಿದು ಫೋನು ಆರಿದರೆ ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣುತ್ತಿತ್ತು, ಅದನ್ನು ನೋಡಲಾರದೆ ಬೋರಲು ಹಾಕುತ್ತಿದ್ದೆ.

ಅತ್ತೆ ಮೊದಮೊದಲು ಸುಮ್ಮನಿದ್ದರು. "ಅಳ್ತಾ ಕೂರೋದಕ್ಕಿಂತ ವಾಸಿ" ಎಂದು ಅವರು ಮಗನಿಗೆ ಹೇಳುವುದು ನನ್ನ ಕಿವಿಗೇ ಬಿದ್ದಿತ್ತು. ನಾನು ಅಳುತ್ತಿಲ್ಲ ಎಂಬುದೇ ಎಲ್ಲರಿಗೂ ಸಮಾಧಾನವಾಗಿತ್ತು, ನನಗೂ.

ಹೀಗೆ ಒಂದು ವರ್ಷ ಕಳೆಯಿತು. ಒಂದು ದಿನ ಗಂಡ ಅಂಗಡಿ ತೆರೆಯಲಿಲ್ಲ. ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ನಡುಕೋಣೆಯ ಬಾಗಿಲಿಗೆ ಬಂದು ಸ್ವಲ್ಪ ಹೊತ್ತು ನಿಂತರು. ನಾನು ತಲೆ ಎತ್ತಲಿಲ್ಲ. ಅವರು ತೋಟದ ಕಡೆ ಹೋದರು. ಮಧ್ಯಾಹ್ನ ವಾಪಸ್ ಬಂದಾಗ ಕಾಲಿಗೆ ಕೆಸರು ಮೆತ್ತಿತ್ತು.

"ನೀನು ಬತ್ತೀಯೇನೋ ಅಂತ ನೋಡ್ದೆ" ಎಂದರು.

"ಎಲ್ಲಿಗೆ?" ಎಂದು ನಾನು ಆಟದಿಂದ ಕಣ್ಣು ತೆಗೆಯದೆ ಕೇಳಿದೆ.

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ಇವತ್ತು ಮಗೀನ ದಿನ ಕಣೇ."

ಮಾತು ನನಗೆ ಕೇಳಿಸಿತು, ಅರ್ಥವೂ ಆಯಿತು. ಅದೇ ಹೊತ್ತಿಗೆ ಇನ್ನೊಂದು ಕಿವಿಯಲ್ಲಿ ಒಬ್ಬ ಹುಡುಗ "ಅಕ್ಕ, ಎಡಗಡೆ ನೋಡಿ" ಎಂದ. ನಾನು ಎಡಗಡೆಗೆ ನೋಡಿದೆ. ಅಲ್ಲಿದ್ದವನನ್ನು ಹೊಡೆದೆ. ಆ ಆಟ ಮುಗಿಸಿಯೇ ಫೋನು ಕೆಳಗಿಟ್ಟೆ. ಅಷ್ಟರಲ್ಲಿ ಗಂಡ ಬಾಗಿಲಲ್ಲಿರಲಿಲ್ಲ. ಹಿತ್ತಲಲ್ಲಿ ಕಾಲು ತೊಳೆದುಕೊಳ್ಳುವ ನೀರಿನ ಸದ್ದು ಬರುತ್ತಿತ್ತು.

ಮರೆಯಬೇಕೆಂದು ಆಟಕ್ಕೆ ಕೂತಿದ್ದೆ, ಮರೆತೂ ಬಿಟ್ಟಿದ್ದೆ. ಇದು ಮನಸ್ಸನ್ನು ಬೇರೆ ಕಡೆ ತಿರುಗಿಸುವುದಲ್ಲ, ಇದು ಕಾಯಿಲೆ ಎಂದು ಅವತ್ತು ಗೊತ್ತಾಯಿತು. ಗೊತ್ತಾದ ಕೂಡಲೇ ಬಿಟ್ಟೆನೆಂದಲ್ಲ. ಆಟವನ್ನು ಫೋನಿನಿಂದ ತೆಗೆದುಹಾಕಿದೆ, ಮಾರನೇ ದಿನ ಊಟದ ಹೊತ್ತಿಗೆ ಮತ್ತೆ ಹಾಕಿಕೊಂಡಿದ್ದೆ. ಹಾಗೆ ಎಷ್ಟು ಸಲವೋ. ಆಟ ಇಲ್ಲದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು. ಅತ್ತೆ ನೀರು ಕೇಳಿದರೂ ಸಿಡುಕುತ್ತಿದ್ದೆ.

ಕೊನೆಗೆ ನಾನೇ ಗಂಡನಿಗೆ ಹೇಳಿದೆ. "ರೀ, ನನ್ ಕೈಲಿ ಇದನ್ನ ಬಿಡಕ್ಕಾಗ್ತಿಲ್ಲ."

ಅವರು ಬೈಯಬಹುದು ಎಂದುಕೊಂಡಿದ್ದೆ. "ಕರೆಂಟ್ ಹೊಡ್ದೋನಿಗೆ ಕೈ ತಾನೇ ಬಿಡಿಸ್ಕಳಕ್ಕಾಗಲ್ಲ. ಇನ್ನೊಬ್ರು ಬಿಡಿಸ್ಬೇಕು" ಎಂದರು. ಅವರಿಗೆ ತಿಳಿದ ಲೋಕ ಅದು. ತುರುವೇಕೆರೆಯ ಆಸ್ಪತ್ರೆಗೆ ವಾರಕ್ಕೊಮ್ಮೆ ಮನಸ್ಸಿನ ಡಾಕ್ಟರು ಬರುತ್ತಾರೆಂದು ವಿಚಾರಿಸಿಕೊಂಡು ಬಂದು, ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಅತ್ತೆಗೆ ಅದು ಇಷ್ಟವಾಗಲಿಲ್ಲ. "ಹುಚ್ಚಾಸ್ಪತ್ರೆ ಡಾಕ್ಟ್ರ ತಾವ ಹೋದ್ರೆ ಊರ್ನೋರು ಏನಂದಾರು" ಎಂದು ಗೊಣಗಿದರು. ಆದರೂ ನಾವು ಹೊರಟಾಗ ಹೊಸಿಲಿನವರೆಗೆ ಬಂದು ನಿಂತರು.

ಡಾಕ್ಟರು ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು. ಎಷ್ಟು ಹೊತ್ತು ಆಡುತ್ತೀಯ ಎಂದು ಕೇಳುತ್ತಾರೆಂದು ಸುಳ್ಳೊಂದನ್ನು ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಿದ್ದು ಬೇರೆ. "ಫೋನ್ ಪಕ್ಕಕ್ಕಿಟ್ಟ ತಕ್ಷಣ ಏನು ನೆನಪಾಗುತ್ತೆ?"

ಸಿದ್ಧ ಮಾಡಿಕೊಂಡಿದ್ದ ಸುಳ್ಳು ಅದಕ್ಕೆ ಹೊಂದುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಯಾರೋ ಕೆಮ್ಮುತ್ತಿದ್ದರು. "ಮುಖ ನೋಡಿಲ್ಲ" ಎಂದೆ. ಯಾರ ಮುಖ ಎಂದು ಅವರು ಕೇಳಲಿಲ್ಲ. ಮುಂದಿನ ವಾರ ಬಾ, ಅದರ ಮುಂದಿನ ವಾರವೂ ಬಾ ಎಂದರು. ಫೋನನ್ನು ಗಂಡನಿಗೆ ಕೊಟ್ಟು ಮಾತಿಗೆ ಮಾತ್ರ ಬಳಸುವ ಬಟನ್ ಫೋನ್ ಇಟ್ಟುಕೊಳ್ಳಲು ಹೇಳಿದರು.

ಕೊಡುವ ಮೊದಲು ತಂಡದವರಿಗೆ ಹೇಳಿ ಹೋಗೋಣ ಎನ್ನಿಸಿತು. ಇನ್ನು ಬರುವುದಿಲ್ಲ ಎಂದಾಗ ಒಬ್ಬ "ಯಾಕಕ್ಕ, ಮನೇಲಿ ಬೈದ್ರಾ?" ಎಂದ. "ಇಲ್ಲಪ್ಪ. ನನ್ ಮಗು ಹೋಯ್ತು" ಎಂದೆ. ಆ ಮಾತನ್ನು ನಾನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಆ ಕಡೆಯಿಂದ ಒಬ್ಬ ಮೆಲ್ಲಗೆ "ಅಕ್ಕ, ಆಟ ಶುರುವಾಯ್ತು" ಎಂದ. ಅವನನ್ನು ನಾನು ದೂರಲಾರೆ. ಅವನಿಗೆ ಏನು ಹೇಳಬೇಕೆಂದು ತೋಚಿರಲಿಕ್ಕಿಲ್ಲ.

ಆಟ ಬಿಟ್ಟರೆ ಹಗುರವಾಗುತ್ತದೆ ಎಂದುಕೊಂಡಿದ್ದೆ. ಆದದ್ದು ಹಾಗಲ್ಲ. ವರ್ಷದಿಂದ ಬರದೇ ಇದ್ದ ಅಳು ಒಟ್ಟಿಗೇ ಬಂತು. ಪಾತ್ರೆ ತೊಳೆಯುವಾಗ, ಹಸುವಿಗೆ ಹುಲ್ಲು ಹಾಕುವಾಗ, ಸುಮ್ಮನೆ ನಿಂತಾಗಲೂ. ಅತ್ತೆಗೆ ಗಾಬರಿಯಾಗಿ "ಆ ಫೋನೇ ಕೊಟ್ಬುಡ್ಲಾ" ಎಂದು ಮಗನಿಗೆ ಹೇಳಿದರು. ಗಂಡ ಕೊಡಲಿಲ್ಲ. ಅತ್ತೆ ಆಮೇಲೆ ನನ್ನನ್ನು ಕೊಬ್ಬರಿ ಕೆಲಸಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದರು. ಕರಟ ಒಡೆದು ಕೊಬ್ಬರಿಯನ್ನು ಇಡಿಯಾಗಿ ಬಿಡಿಸಬೇಕು. ನಾನು ಬಿಡಿಸಿದ್ದರಲ್ಲಿ ಬಹಳಷ್ಟು ಹೋಳಾದವು. ಅವರು ಬೈಯದೆ ಹೋಳನ್ನು ಬೇರೆ ರಾಶಿಗೆ ಹಾಕುತ್ತಿದ್ದರು. ನಾನು ಅಳುತ್ತಲೇ ಒಡೆಯುತ್ತಿದ್ದೆ, ಅವರು ತಮ್ಮ ಕೆಲಸ ತಾವು ಮಾಡುತ್ತಿದ್ದರು.

ಬದುವಿನ ಬಳಿಗೂ ಹೋದೆ. ಗಂಡ ತೋರಿಸಿದ ಜಾಗದಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. "ಹೆಂಗಿತ್ತು ರೀ?" ಎಂದು ಕೇಳಿದೆ. "ಕೂದ್ಲು ಜಾಸ್ತಿ ಇತ್ತು. ಮೂಗು ನಿಂದೇ" ಎಂದರು. ಇಷ್ಟು ದಿನ ಅದನ್ನು ಅವರೊಬ್ಬರೇ ಇಟ್ಟುಕೊಂಡಿದ್ದರು.

ಈಗ ಆ ಫೋನು ನಮ್ಮ ಮನೆಯಲ್ಲಿಲ್ಲ. ಹೆಬ್ಬೆರಳಿನ ನೋವು ಪೂರಾ ಹೋಗಿಲ್ಲ. ಇನ್ನೊಂದು ಮಗುವೂ ಆಗಿಲ್ಲ. ಬಸ್ಸಿನಲ್ಲಿ ಪಕ್ಕದವರು ಆಡುವ ಸದ್ದು ಕೇಳಿದರೆ ಎದ್ದು ಬೇರೆ ಕಡೆ ಕೂರುತ್ತೇನೆ. ಮೊನ್ನೆ ಶೆಟ್ಟಿಕೆರೆಯಿಂದ ನಾದಿನಿ ತನ್ನ ಕೂಸನ್ನು ಕರೆತಂದಿದ್ದಳು. ಎತ್ತಿಕೊಂಡೆ, ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ನೀರೆರೆದೆ. ಅವರು ಹೋದ ಮಾರನೇ ದಿನ ಆಡಬೇಕೆಂಬ ಆಸೆ ಹಸಿವಿನ ಹಾಗೆ ಎದ್ದಿತು. ಗಂಡನಿಗೆ ಫೋನ್ ಮಾಡಿ "ಇವತ್ತು ಆಗ್ತಿಲ್ಲ ರೀ" ಎಂದೆ.

"ಬತ್ತೀನಿ ಇರು" ಎಂದರು.

ಮೋಟಾರು ಬಿಚ್ಚಿದ್ದನ್ನು ಹಾಗೇ ಬಿಟ್ಟು, ಅಂಗಡಿ ಮುಚ್ಚಿ ಬಂದರು. ಅತ್ತೆ ಮುದ್ದೆ ತೊಳಸಿಟ್ಟಿದ್ದರು. ಮೂವರೂ ಕೂತು ಉಂಡೆವು.